ಮನೆ ವಕೀಲರಾ, ಹಣಕಾಸು ಸಲಹೆಗಾರರಾ?

ಮಂಗಳೂರು, ಉಡುಪಿಯ ದೊಡ್ಡ ಮನೆತನಗಳಲ್ಲಿ ಆಸ್ತಿ, ಹಣ, ಉಯಿಲು ಎಲ್ಲದಕ್ಕೂ ಅಜ್ಜನ ಕಾಲದ ವಕೀಲರನ್ನೇ ಕೇಳುವುದುಂಟು. ಜಾಗದ ವಿಷಯವಾದರೆ ಅವರೇ ಸರಿ. ಮೂಲಗೇಣಿ (ಕಾಯಂ ಗೇಣಿ), ವರ್ಗದ ಜಾಗ (ಕಂದಾಯ ಕಟ್ಟುವ ಸ್ವಂತ ಜಾಗ), ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನ ಪದ್ಧತಿಯ 1949ರ ಕಾಯ್ದೆಯ ಕಾಲದ ಪಾಲುಪತ್ರ, ಇವನ್ನೆಲ್ಲ ಹೊಸಬರಿಗೆ ಮೊದಲಿನಿಂದ ವಿವರಿಸುವುದು ಸುಮ್ನೆ ತಲೆನೋವು. ಮತ್ತೆ, ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ಹಣಕಾಸು ಸಲಹೆಗಾರರಿಗೆ ಹೇಳಿದ್ದಕ್ಕೆ ಅಂಥ ರಕ್ಷಣೆ ಇಲ್ಲ. ಪಾಲಿನ ಜಗಳ ಕೋರ್ಟಿಗೆ ಹೋಗುವ ಹಾಗಿದ್ದರೆ ಇದು ಸಣ್ಣ ಮಾತಲ್ಲ.

ನಗದು, ಷೇರು ಜಾಸ್ತಿ ಇದ್ದರೆ ಸೆಬಿಯಲ್ಲಿ (ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ) ನೋಂದಾಯಿಸಿಕೊಂಡ ಹಣಕಾಸು ಸಲಹೆಗಾರರೇ ವಾಸಿ. ಸೆಬಿಯ 2013ರ ನಿಯಮದಂತೆ ಇವರು ಫೀಸನ್ನು ನಿಮ್ಮಿಂದಲೇ ಪಡೆಯುತ್ತಾರೆ. ‘ಫ್ರೀ’ ಸಲಹೆ ಕೊಡುವ ಮ್ಯೂಚುವಲ್ ಫಂಡ್ ವಿತರಕರಿಗೆ ಕಮಿಷನ್ ಫಂಡ್ ಕಂಪನಿಯಿಂದ ಬರುತ್ತದೆ. ಫ್ರೀ ಎಲ್ಲಿಂದ ಬಂತು, ಅಲ್ವಾ?

ಉಯಿಲು ಮಾತ್ರ ವಕೀಲರ ಹತ್ತಿರವೇ ಬರೆಸಿ. ಅದೇ ವಕೀಲರು ನಿಮ್ಮ ತಮ್ಮನ ಕೇಸನ್ನೂ ನೋಡುತ್ತಿದ್ದರೆ ಬೇರೆಯವರನ್ನು ಹುಡುಕಿ.