ಅಮೆರಿಕದಲ್ಲಿ ‘ಅಸಿಸ್ಟೆಂಟ್’ ಅಂದ್ರೆ ಹೆಲ್ಪರ್ ಅಲ್ಲ, ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಮಾಡಿ ಇಲ್ಲಿಗೆ ಬರೋರು ದಯವಿಟ್ಟು ಓದಿ

ಮೊನ್ನೆ ಶಿವಮೊಗ್ಗ ಕಡೆ ಹುಡುಗಿ ಒಬ್ಳು ಪರಿಚಯದವರಿಂದ ನಂಬರ್ ತಗೊಂಡು ಫೋನ್ ಮಾಡಿದ್ಲು. ಮದುವೆ ಆಗಿ ಇಲ್ಲಿಗೆ ಬಂದು ಎರಡು ವರ್ಷ, ಊರಲ್ಲಿ ಬಿಪಿಟಿ ಮುಗಿಸಿದ್ದಾಳೆ, ಎಚ್4 ಇಎಡಿ, ಅಂದ್ರೆ ಗಂಡನ ವೀಸಾ ಮೇಲೆ ಬಂದವಳಿಗೆ ಕೆಲ್ಸ ಮಾಡೋಕೆ ಕೊಡೋ ಪರ್ಮಿಟ್, ಈಗಷ್ಟೇ ಕೈಗೆ ಸಿಕ್ಕಿದೆ, "ಅಕ್ಕ, ಒಂದು ಕ್ಲಿನಿಕ್ಕಲ್ಲಿ ಥೆರಪಿ ಅಸಿಸ್ಟೆಂಟ್ ಅಂತ ತಗೋತೀವಿ ಅಂತಿದಾರೆ, ಲೈಸೆನ್ಸ್ ಎಲ್ಲ ಆಮೇಲೆ ನೋಡ್ಕೊಳ್ಳೋಣ ಅಂದ್ರು, ಸೇರ್ಕೊಳ್ಲಾ?" ಅಂದ್ಲು. ಕೇಳ್ತಿದ್ದ ಹಾಗೇ ನನಗೆ ಕೈಕಾಲು ತಣ್ಣಗಾಯ್ತು. 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನಗೂ ಹೆಚ್ಚುಕಮ್ಮಿ ಇದೇ ಮಾತು ಹೇಳಿ ಸೇರಿಸ್ಕೊಂಡಿದ್ರು. ಏಳು ತಿಂಗಳು ಕೆಲ್ಸ ಮಾಡ್ದೆ. ಅದರಿಂದ ಏನೇನಾಯ್ತು ಅಂತ ಇಷ್ಟು ದಿನ ಮನೆಯವರಿಗೆ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ, ಅವಳಿಗೆ ಹೇಳಿದ್ಮೇಲೆ ಎಲ್ಲರಿಗೂ ಹೇಳ್ಬೇಕು ಅನ್ನಿಸ್ತು.

ಮೊದಲು ಆ ಪದದ ವಿಷಯ. ನಮ್ಮ ಕಡೆ ಆಸ್ಪತ್ರೇಲಿ ಅಸಿಸ್ಟೆಂಟ್ ಅಂದ್ರೆ ಬೆಡ್ ಸರಿ ಮಾಡೋರು, ಪೇಷಂಟ್ ಕರ್ಕೊಂಡು ಬರೋರು, ಹಾಟ್ ಪ್ಯಾಕ್ ಇಡೋರು, ಅಷ್ಟೇ ತಾನೆ? ನಾಲ್ಕೂವರೆ ವರ್ಷ ಓದಿ ಇಂಟರ್ನ್‌ಶಿಪ್ ಮುಗಿಸಿದ ನನಗೆ ಅಸಿಸ್ಟೆಂಟ್ ಅಂದಾಗ ಇದು ನನಗಿಂತ ಕೆಳಗಿನ ಕೆಲ್ಸ, ಇದಕ್ಕೇನು ತೊಂದರೆ ಅಂತ್ಲೇ ಅನ್ಸಿದ್ದು. ಅಲ್ಲೇ ತಪ್ಪಿದ್ದು ನಾನು. ಇಲ್ಲಿ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್, ಅಂದ್ರೆ ಪಿಟಿಎ, ಅನ್ನೋದು ಕಾನೂನಿನಲ್ಲೇ ಇರೋ ಹುದ್ದೆ. ಅದಕ್ಕೆ ಮಾನ್ಯತೆ ಪಡೆದ ಕಾಲೇಜಲ್ಲಿ ಸುಮಾರು ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಬೇಕು, ಎನ್‌ಪಿಟಿಇ ಅನ್ನೋ ರಾಷ್ಟ್ರೀಯ ಪರೀಕ್ಷೇಲಿ 600 ಸ್ಕೋರ್ ಬರ್ಬೇಕು, ಆಮೇಲೆ ರಾಜ್ಯದ ಬೋರ್ಡು ಲೈಸೆನ್ಸ್ ಕೊಡ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಪಿಟಿ, ಅಂದ್ರೆ ಲೈಸೆನ್ಸ್ ಇರೋ ಫಿಸಿಕಲ್ ಥೆರಪಿಸ್ಟ್ (ನಮ್ಮ ಕಡೆ ಫಿಸಿಯೋಥೆರಪಿಸ್ಟ್ ಅಂತೀವಲ್ಲ), ಒಂದು ಹೊತ್ತಿಗೆ ಇಬ್ಬರು ಪಿಟಿಎಗಳನ್ನ ಮಾತ್ರ ನೋಡ್ಕೋಬಹುದು. ಲೈಸೆನ್ಸ್ ಇಲ್ಲದೆ ಆ ಹೆಸರು ಹಾಕ್ಕೊಳ್ಳೋದೇ ತಪ್ಪು. ಲೈಸೆನ್ಸ್ ಇಲ್ಲದೆ ಮಾಡಬಹುದಾದ ಕೆಲ್ಸ ಏಡ್ ಅಂತ ಬೇರೆನೇ ಇದೆ, ಕೆಲವು ಕಡೆ ಟೆಕ್ ಅಂತಾರೆ, ಅಲ್ಲಿ ಪಿಟಿ ಪಕ್ಕದಲ್ಲೇ ಇರ್ಬೇಕು, ನೀವಾಗೇ ಪೇಷಂಟ್‌ಗೆ ಟ್ರೀಟ್‌ಮೆಂಟ್ ಕೊಡೋ ಹಾಗಿಲ್ಲ. ಬಿಪಿಟಿ ಇದೆ, ಎಂಪಿಟಿ ಇದೆ, ಹತ್ತು ವರ್ಷ ಅನುಭವ ಇದೆ, ಇದ್ಯಾವುದೂ ಇಲ್ಲಿ ಲೆಕ್ಕಕ್ಕೆ ಬರಲ್ಲ. ಇಲ್ಲಿನ ಬೋರ್ಡ್ ಲೈಸೆನ್ಸ್ ಕೊಡೋ ತನಕ ನೀವು ಏಡ್ ಅಷ್ಟೇ.

ನನ್ನ ಪೇಸ್ಲಿಪ್ಪಲ್ಲಿ ಇದ್ದಿದ್ದೂ ಏಡ್ ಅಂತ್ಲೇ, ಕರೀತಿದ್ದಿದ್ದು ಮಾತ್ರ ಅಸಿಸ್ಟೆಂಟ್ ಅಂತ. ಓನರ್ ನಮ್ಮ ದೇಶದವರೇ, ಹಬ್ಬಕ್ಕೆ ಮನೆಗೆ ಕರೆದು ಊಟ ಹಾಕಿದವರು, ಅನುಮಾನ ಯಾಕೆ ಬರುತ್ತೆ ಹೇಳಿ. ಮೊದಲ ತಿಂಗಳು ಸೈಕಲ್ ಮೇಲೆ ಕೂರಿಸೋದು, ಐಸ್ ಇಡೋದು ಮಾಡಿಸಿದ್ರು. ಎರಡನೇ ತಿಂಗಳು "ನಿಂಗೆ ಬರುತ್ತಲ್ಲ, ಮೊಣಕಾಲು ಆಪರೇಷನ್ ಆದವರಿಗೆ ಎಕ್ಸರ್‌ಸೈಜ್ ಮಾಡ್ಸು" ಅಂದ್ರು. ಮೂರನೇ ತಿಂಗಳಿಗೆ ಭುಜ ಹಿಡ್ಕೊಂಡಿರೋ ಪೇಷಂಟ್‌ಗಳಿಗೆ ಮೊಬಿಲೈಸೇಷನ್ (ಕೈಯಿಂದ ಕೀಲು ಸಡಿಲ ಮಾಡೋದು) ಕೂಡ ನಾನೇ ಮಾಡ್ತಿದ್ದೆ, ಬಾಗಿಲು ಹಾಕಿದ ರೂಮಲ್ಲಿ, ಒಬ್ಳೇ. ನೋಟ್ ಬರೆಯೋಕೆ ಪಿಟಿಯ ಲಾಗಿನ್ನೇ ನನಗೆ ಕೊಟ್ಟಿದ್ರು. ಖುಷಿಯಾಗಿತ್ತು ನಿಜ ಹೇಳ್ಬೇಕು ಅಂದ್ರೆ, ಮನೇಲಿ ಕೂತು ಕೂತು ಸಾಕಾಗಿ ಹೋಗಿತ್ತು, ಮತ್ತೆ ಪೇಷಂಟ್ ಮುಟ್ಟಿದಾಗ ಜೀವ ಬಂದ ಹಾಗಾಗಿತ್ತು, ನನ್ನ ಕೈಗೆ ಕೆಲ್ಸ ಮರೆತಿಲ್ಲ ಅಂತ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ದುಡ್ಡಿನ ಲೆಕ್ಕ ಆಗ ನನಗೆ ಗೊತ್ತಿರ್ಲಿಲ್ಲ, ಆಮೇಲೆ ಕೂತು ಓದಿದ್ದು. 65 ದಾಟಿದವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ ಇದೆಯಲ್ಲ, ಅದರಲ್ಲಿ ಪಿಟಿ ಮಾಡಿದ ಕೆಲ್ಸಕ್ಕೆ ಪೂರ್ತಿ ರೇಟ್. ಪಿಟಿಎ ಮಾಡಿದ್ರೆ 2022ರ ಜನವರಿ 1ರಿಂದ 85 ಪರ್ಸೆಂಟ್. ಇದಕ್ಕೆ ಕಾನೂನು ಆಗಿದ್ದು 2018ರಲ್ಲೇ, ಜಾರಿಗೆ ಬಂದಿದ್ದು ಆಗ. ಒಂದು ಸರ್ವೀಸಲ್ಲಿ ಪಿಟಿಎ ಒಬ್ಬರೇ ಮಾಡಿದ ಪಾಲು 10 ಪರ್ಸೆಂಟ್ ದಾಟಿದ್ರೆ ಬಿಲ್ಲಲ್ಲಿ ಸಿಕ್ಯೂ ಅನ್ನೋ ಮಾಡಿಫೈಯರ್, ಅಂದ್ರೆ ಪಿಟಿಎ ಮಾಡಿದ್ದು ಅಂತ ತೋರ್ಸೋ ಗುರುತು, ಹಾಕ್ಬೇಕು. ಉದಾಹರಣೆಗೆ ರೇಟ್ 100 ಡಾಲರ್ ಅಂತ ಇಟ್ಕೊಳ್ಳಿ, ಡಿಡಕ್ಟಿಬಲ್ (ವರ್ಷಕ್ಕೆ ಮೊದಲು ಪೇಷಂಟೇ ಕೊಡಬೇಕಾದ ದುಡ್ಡು) ಮುಗಿದಿದೆ, ಪೇಷಂಟ್ ಪಾಲು 20 ಹೇಗಿದ್ರೂ 20ಏ, ಮೆಡಿಕೇರ್ ಕೊಡೋ 80ಕ್ಕೆ 85 ಪರ್ಸೆಂಟ್ ಹಾಕಿದ್ರೆ 68. ಕ್ಲಿನಿಕ್‌ಗೆ 12 ಡಾಲರ್ ಕಮ್ಮಿ. ಏಡ್ ಮಾಡಿದ್ರೆ? ಸೊನ್ನೆ. ಪಿಟಿ ಪಕ್ಕದಲ್ಲಿ ನಿಂತಿದ್ರೂ ಏಡ್ ಮಾಡಿದ ಕೆಲ್ಸವನ್ನ ಮೆಡಿಕೇರ್ ಥೆರಪಿ ಅಂತ ಒಪ್ಪೋದೇ ಇಲ್ಲ. ಈಗ ಅರ್ಥ ಆಯ್ತಲ್ಲ ಪಿಟಿ ಲಾಗಿನ್ ನನ್ನ ಕೈಗೆ ಯಾಕೆ ಕೊಟ್ರು ಅಂತ. ಸೊನ್ನೆ ಬರಬೇಕಾದ ಕಡೆ ಪೂರ್ತಿ ರೇಟ್ ವಸೂಲಿ ಆಗ್ತಿತ್ತು, ಮಾಡಿದ್ದು ನನ್ನ ಕೈ, ಟೈಪ್ ಮಾಡಿದ್ದೂ ನನ್ನ ಕೈ.

ಗೊತ್ತಾಗಿದ್ದು ಒಬ್ಬರು ಅಜ್ಜಿಯಿಂದ. ಎಪ್ಪತ್ತೆಂಟು ವರ್ಷ, ಸೊಂಟದ ಆಪರೇಷನ್ ಆಗಿತ್ತು, ರಿಟೈರ್ಡ್ ಟೀಚರ್, ಎಲ್ಲ ಕಾಗದಾನೂ ಫೈಲ್ ಮಾಡಿ ಇಟ್ಕೊಳ್ಳೋರು. ಮೆಡಿಕೇರ್‌ನಿಂದ ಮನೆಗೆ ಬರೋ ಲೆಕ್ಕದ ಪತ್ರ ತಂದು ನನ್ನ ಮುಂದೆ ಇಟ್ರು. ಯಾವ ದಿನ, ಯಾವ ಸರ್ವೀಸ್, ಯಾರು ಕೊಟ್ರು ಅಂತ ಅದರಲ್ಲಿ ಇರುತ್ತೆ. ಮೂರು ತಾರೀಖಿಗೆ ಪೆನ್ನಲ್ಲಿ ಗುಂಡಗೆ ಗೆರೆ ಎಳೆದಿದ್ರು. "ಈ ವಾರ ಅವರು ರಜೆ ಮೇಲೆ ಹೋಗಿದ್ರಲ್ಲಮ್ಮ, ನನಗೆ ಮಾಡಿದ್ದು ನೀನು, ಇಲ್ಲಿ ಅವರ ಹೆಸರಿದೆ, ನಿನ್ನ ಹೆಸರು ಯಾಕಿಲ್ಲ?" ಅಂತ ಕೇಳಿದ್ರು. ನನಗೆ ಅನ್ಯಾಯ ಆಗಿದೆ ಅಂತ ಅಂದ್ಕೊಂಡು ಕೇಳಿದ್ದು ಪಾಪ. ನನಗೆ ಎದೆ ಧಸಕ್ ಅಂತು.

ಆವತ್ತೇ ಓನರ್ ಹತ್ರ ಕೇಳ್ದೆ. "ಎಲ್ಲಾ ಕಡೆ ಹೀಗೇ ನಡೆಯೋದು, ನೀನು ಕ್ವಾಲಿಫೈಡ್ ತಾನೆ, ತಲೆ ಕೆಡಿಸ್ಕೋಬೇಡ" ಅಂದ್ರು. ರಾತ್ರಿ ನಮ್ಮನೆಯವರು ಒಬ್ಬ ಲಾಯರ್ ಹುಡುಕಿದ್ರು. ಅವರು ಹೇಳಿದ್ದು ಕೇಳಿ ಮೂರು ದಿನ ನಿದ್ದೆ ಬರ್ಲಿಲ್ಲ. ಲೈಸೆನ್ಸ್ ಇಲ್ಲದೆ ಪ್ರಾಕ್ಟೀಸ್ ಮಾಡಿದ್ರೆ ಕ್ರಿಮಿನಲ್ ಕೇಸ್ ಆಗಬಹುದು, ಇನ್ನು ಸರ್ಕಾರಕ್ಕೆ ಸುಳ್ಳು ಕ್ಲೇಮ್ ಕಳ್ಸೋದಕ್ಕೆ ಫಾಲ್ಸ್ ಕ್ಲೇಮ್ಸ್ ಆಕ್ಟ್ ಇದೆ, ನಷ್ಟದ ಮೂರು ಪಟ್ಟು ಮತ್ತು ಪ್ರತಿ ಕ್ಲೇಮ್‌ಗೂ ಬೇರೆ ದಂಡ, ಅದರಲ್ಲೂ ಸುಳ್ಳು ಅಂತ ಗೊತ್ತಿದ್ದೂ ಕೈಜೋಡಿಸಿದವರನ್ನ ಬಿಡಲ್ಲ. "ಇವತ್ತಿನ ತನಕ ಗೊತ್ತಿರ್ಲಿಲ್ಲ ಅನ್ನಬಹುದು, ನಾಳೆಯಿಂದ ಹಾಗೆ ಹೇಳೋಕೆ ಆಗಲ್ಲ" ಅಂದ್ರು. ವೀಸಾ ಮೇಲೆ ಇರೋರಿಗೆ ಇದೆಲ್ಲ ಎಷ್ಟು ದೊಡ್ಡ ಭಯ ಅಂತ ನಿಮಗೇ ಗೊತ್ತು, ನನ್ನ ಒಬ್ಬಳದ್ದಲ್ಲ, ಇಡೀ ಮನೆಯ ಗ್ರೀನ್ ಕಾರ್ಡ್ ಕಣ್ಣ ಮುಂದೆ ಬಂತು.

ಲಾಯರ್ ಹೇಳಿದ ಹಾಗೆ ಮಾರನೇ ದಿನವೇ ಈಮೇಲ್‌ನಲ್ಲಿ ರಾಜೀನಾಮೆ ಕೊಟ್ಟೆ, ಪಿಟಿ ಲಾಗಿನ್ ಇನ್ಮುಂದೆ ಬಳಸಲ್ಲ ಅಂತ ಬರೆದೆ. ಹಳೇ ನೋಟ್ ಒಂದನ್ನೂ ತಿದ್ದೋಕೆ ಹೋಗ್ಲಿಲ್ಲ, ಅದನ್ನ ಅವರು ಎರಡು ಸಲ ಹೇಳಿದ್ರು, ತಿದ್ದಿದ್ರೆ ಇನ್ನೊಂದು ತಪ್ಪು ಅಂತ. ಯಾವ ದಿನ ಏನು ಮಾಡ್ದೆ ಅಂತ ನೆನಪಿದ್ದಷ್ಟು ನನ್ನ ಡೈರೀಲಿ ಬರೆದಿಟ್ಟೆ, ಪೇಷಂಟ್‌ಗಳ ಹೆಸರು ಹಾಕದೆ. ಕೊನೇ ಎರಡು ವಾರದ ಸಂಬಳ ಬರೋಕೆ ಎರಡು ತಿಂಗಳು ಹಿಡೀತು, ಲಾಯರ್ ಫೀಸ್ ಅದಕ್ಕಿಂತ ಜಾಸ್ತಿ ಆಗಿತ್ತು.

ಇನ್ನೊಂದು ಹೊಟ್ಟೆ ಉರಿಸೋ ವಿಷಯ. ಹೊರದೇಶದಲ್ಲಿ ಓದಿದವರು ಕ್ಯಾಲಿಫೋರ್ನಿಯಾದಲ್ಲಿ ಪಿಟಿ ಲೈಸೆನ್ಸ್ ತಗೋಬೇಕಾದ್ರೆ ಸರ್ಟಿಫಿಕೇಟ್‌ಗಳ ಮೌಲ್ಯಮಾಪನ, ಪರೀಕ್ಷೆ ಇದರ ಜೊತೆ ಮೇಲ್ವಿಚಾರಣೆಯಲ್ಲಿ ಕ್ಲಿನಿಕಲ್ ಸರ್ವೀಸ್ ಕೂಡ ಮಾಡ್ಬೇಕು. "ಇಲ್ಲಿ ಮಾಡಿದ್ದು ಅದಕ್ಕೆ ಸೇರುತ್ತೆ" ಅಂತ ನನ್ನ ನಂಬಿಸಿದ್ರು. ಸೇರಲ್ಲ. ಬೋರ್ಡ್ ಮೊದಲೇ ಒಪ್ಪಿದ ಜಾಗ, ಒಪ್ಪಿದ ಮೇಲ್ವಿಚಾರಕರು ಆಗಿರ್ಬೇಕು. ಏಳು ತಿಂಗಳು ನೀರಲ್ಲಿ ಹೋಮ. ಆ ಹೊತ್ತಲ್ಲಿ ಎಫ್‌ಸಿಸಿಪಿಟಿಗೆ (ಹೊರದೇಶದ ಫಿಸಿಯೋಥೆರಪಿ ಡಿಗ್ರಿಗಳ ಮೌಲ್ಯಮಾಪನ ಮಾಡೋ ಸಂಸ್ಥೆ) ಮಾರ್ಕ್ಸ್ ಕಾರ್ಡ್ ಕಳ್ಸಿ, ಕಮ್ಮಿ ಬಿದ್ದ ಕ್ರೆಡಿಟ್‌ಗೆ ಕೋರ್ಸ್ ಮಾಡಿದ್ರೆ ಎಷ್ಟೋ ಮುಂದೆ ಇರ್ತಿದ್ದೆ. ನಮ್ಮ ಬಿಪಿಟಿಯವರಿಗೆ ಬಹಳಷ್ಟು ಸಲ ಕ್ರೆಡಿಟ್ ಕಮ್ಮಿ ಬೀಳುತ್ತೆ, ಊರಿಂದ ಹೊರಡೋ ಮೊದಲೇ ಯೂನಿವರ್ಸಿಟಿಯಿಂದ ಸಿಲಬಸ್ ಕಾಪಿ, ಟ್ರಾನ್ಸ್‌ಕ್ರಿಪ್ಟ್ ಸೀಲ್ ಹಾಕಿಸಿ ತಂದ್ಬಿಡಿ, ಇಲ್ಲಿಂದ ತರಿಸೋದು ತಿಂಗಳುಗಟ್ಟಲೆ ಒದ್ದಾಟ.

ಏಡ್ ಕೆಲ್ಸ ಮಾಡಬೇಡಿ ಅಂತ ನಾನು ಹೇಳ್ತಿಲ್ಲ, ಮರ್ಯಾದೆ ಇರೋ ಕೆಲ್ಸವೇ, ಇಲ್ಲಿನ ಪದ್ಧತಿ ಕಲಿಯೋಕೂ ಒಳ್ಳೇದು. ಆದ್ರೆ ಆಫರ್ ಲೆಟರ್‌ನಲ್ಲಿ ಹುದ್ದೆ ಹೆಸರು ಏನಿದೆ ನೋಡಿ, ನನ್ನ ಲಾಗಿನ್ ನನಗೇ ಬೇರೆ ಕೊಡ್ತೀರಾ ಅಂತ ಕೇಳಿ, ನಾನು ಮುಟ್ಟಿದ ಪೇಷಂಟ್ ಬಿಲ್ ಯಾರ ಹೆಸರಲ್ಲಿ ಹೋಗುತ್ತೆ ಅಂತ ಕೇಳಿ. ಇದಕ್ಕೆ ಅವರು ಮುಖ ಗಂಟು ಹಾಕಿದ್ರೆ ಎದ್ದು ಬನ್ನಿ. ಈಗ ಕೆಲವರು "2025ರಿಂದ ರೂಲ್ ಸಡಿಲ ಆಗಿದೆ, ಪಿಟಿ ಕ್ಲಿನಿಕ್ಕಲ್ಲೇ ಇರ್ಬೇಕಿಲ್ಲ" ಅಂತ ಬೇರೆ ಹೇಳ್ತಾರೆ. ಆ ಸಡಿಲಿಕೆ ಲೈಸೆನ್ಸ್ ಇರೋ ಪಿಟಿಎಗಳಿಗೆ, ಮೆಡಿಕೇರ್‌ನ ಪ್ರೈವೇಟ್ ಪ್ರಾಕ್ಟೀಸ್ ಬಿಲ್ಲಿಂಗ್‌ಗೆ. ರಾಜ್ಯದ ರೂಲ್ ಬಿಗಿ ಇದ್ರೆ ಅದೇ ನಡೆಯೋದು, ಏಡ್‌ಗಂತೂ ಅದಕ್ಕೂ ಸಂಬಂಧವೇ ಇಲ್ಲ. ಪ್ರೈವೇಟ್ ಇನ್ಶೂರೆನ್ಸ್‌ಗಳದ್ದು ಒಂದೊಂದರದ್ದು ಒಂದೊಂದು ಥರ, ಸೈನಿಕರ ಕುಟುಂಬಗಳ ಟ್ರೈಕೇರ್ ಅಂತೂ 2020ರ ತನಕ ಪಿಟಿಎ ಮಾಡಿದ ಕೆಲ್ಸಕ್ಕೆ ದುಡ್ಡೇ ಕೊಡ್ತಿರ್ಲಿಲ್ಲ.

ಅಪ್ಪ ಅಮ್ಮನ್ನ ಗ್ರೀನ್ ಕಾರ್ಡ್ ಮೇಲೆ ಇಲ್ಲಿ ಇಟ್ಕೊಂಡಿರೋರು, ಅವರು ಮೆಡಿಕೇರ್‌ಗೆ ಸೇರಿದ್ರೆ ನೀವೂ ಆ ಅಜ್ಜಿ ಥರ ಪತ್ರ ತೆಗೆದು ನೋಡಿ. ಮೊದಲ ದಿನದ ಇವ್ಯಾಲ್ಯುಯೇಷನ್ ಪಿಟಿನೇ ಮಾಡ್ಬೇಕು, ಹತ್ತು ಟ್ರೀಟ್‌ಮೆಂಟ್ ದಿನಕ್ಕೆ ಒಂದು ಸಲನಾದ್ರೂ ಪ್ರೋಗ್ರೆಸ್ ರಿಪೋರ್ಟ್ ಪಿಟಿನೇ ಬರೀಬೇಕು. ತಿಂಗಳಾದ್ರೂ ಪಿಟಿ ಮುಖ ಕಾಣ್ಲಿಲ್ಲ ಅಂದ್ರೆ ಕೇಳಿ. ಲೈಸೆನ್ಸ್ ಇದೆಯಾ ಅಂತ ರಾಜ್ಯದ ಬೋರ್ಡ್ ವೆಬ್‌ಸೈಟಲ್ಲಿ ಹೆಸರು ಹಾಕಿದ್ರೆ ಪುಕ್ಕಟೆ ಸಿಗುತ್ತೆ.

ಶಿವಮೊಗ್ಗದ ಹುಡುಗಿ ನಿನ್ನೆ ಮೆಸೇಜ್ ಮಾಡಿದ್ಲು. ಲಾಗಿನ್ ಬೇರೆ ಕೊಡ್ತೀರಾ ಅಂತ ಕೇಳಿದ್ಲಂತೆ, ಹೇಳ್ತೀವಿ ಅಂದವರು ಮತ್ತೆ ಫೋನೇ ಎತ್ತಲಿಲ್ಲವಂತೆ. ಮಾರ್ಕ್ಸ್ ಕಾರ್ಡ್ ತರಿಸೋಕೆ ಅವಳ ತಮ್ಮ ಸೋಮವಾರ ಯೂನಿವರ್ಸಿಟಿಗೆ ಹೋಗ್ತಾನೆ.