ಒಂದು ಕೆಜಿ ಎಬಿಸಿ ಸಿಲಿಂಡರ್: ಕಾರಿಗೆ ಸೈ, ಪುಟ್ಟ ವಿಮಾನಕ್ಕೆ ಬೇಡ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಕೇಳಿದರೆ ಅಂಗಡಿಯವರು ಥಟ್ಟನೆ ಕೈಗಿಡುವುದು ಒಂದು ಕೆಜಿಯ ಕೆಂಪು ಎಬಿಸಿ ಪೌಡರ್, ಅಂದರೆ ಘನವಸ್ತು, ದ್ರವ, ಅನಿಲ ಮೂರೂ ಬಗೆಯ ಬೆಂಕಿಗೆ ಆಗುವ ಪುಡಿ. ಮೈಮೇಲೆ ಐಎಸ್ 15683 (ಇಂಥ ಸಿಲಿಂಡರ್‌ನ ಭಾರತೀಯ ಗುಣಮಟ್ಟ) ಗುರುತಿರಲಿ, ಪ್ರೆಶರ್ ಗೇಜಿನ ಮುಳ್ಳು ಹಸಿರಿನಲ್ಲಿರಲಿ, ಪಿನ್ನಿನ ಸೀಲ್ ಹರಿದಿರಬಾರದು. ತಲೆಕೆಳಗು ಮಾಡಿ ಕಿವಿಗೆ ಹಿಡಿಯಿರಿ. ಪುಡಿ ಸರ್ರನೆ ಜಾರಬೇಕು. ಸದ್ದಿಲ್ಲದಿದ್ದರೆ ಒಳಗೆ ಗಟ್ಟಿಯಾಗಿದೆ, ಬೇರೆಯದು ಕೇಳಿ. ಕಾರು, ಟ್ರ್ಯಾಕ್ಟರ್‌ಗೆ ಇಷ್ಟು ಸಾಕು, ಒಳ್ಳೆ ಮಾಲು.

ಇದನ್ನೇ ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನಕ್ಕೋ ಇನ್ನೂ ಹಗುರದ ಮೈಕ್ರೋಲೈಟ್‌ಗೋ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮುಚ್ಚಿದ ಕಾಕ್‌ಪಿಟ್‌ನಲ್ಲಿ ಒಮ್ಮೆ ಒತ್ತಿದರೆ ಗಾಜೂ ಕಾಣದು, ಮೀಟರೂ ಕಾಣದು, ಕೆಮ್ಮು ಬೇರೆ. ಇದರಲ್ಲಿರುವ ಮೊನೊ ಅಮೋನಿಯಂ ಫಾಸ್ಫೇಟ್ ತೇವ ಹೀರಿ ಅಲ್ಯುಮಿನಿಯಂ ತಿನ್ನುತ್ತದೆ. ರಿವೆಟ್ ಸಂದಿಗೆ ಹೊಕ್ಕರೆ ಪ್ಯಾನೆಲ್ ಬಿಚ್ಚಿಯೇ ತೊಳೆಯಬೇಕು. ಸಿಓ2 ಸಿಲಿಂಡರ್ ಉಸಿರಾಡುವ ಗಾಳಿಯನ್ನೇ ಹೊರದೂಡುತ್ತದೆ. ವಿಮಾನಕ್ಕೆ ಹೊಂದುವುದು ಪುಡಿ ಉಳಿಸದೆ ಬೆಂಕಿ ಆರಿಸುವ ಹ್ಯಾಲಾನ್ 1211 ಅಥವಾ ಹ್ಯಾಲೋಟ್ರಾನ್. ಓಝೋನ್ ಪದರಕ್ಕೆ ಹಾನಿ ಎಂಬ ಕಾರಣಕ್ಕೆ ಹ್ಯಾಲಾನ್‌ನ ಹೊಸ ತಯಾರಿಕೆ ನಿಂತಿದೆ, ಮರುಬಳಕೆಯದ್ದಷ್ಟೇ ಸಿಗುತ್ತದೆ. ಬೆಲೆ ಹಲವು ಪಟ್ಟು, ಆದರೆ ಇಲ್ಲಿ ಜಿಪುಣತನ ಸಲ್ಲದು. ಯಾವುದನ್ನೇ ಹೊಡೆದರೂ ಬೆಂಕಿ ಆರಿದ ಮೇಲೆ ಕಿಟಕಿ, ವೆಂಟ್ ತೆರೆಯಿರಿ. ಅಂದಹಾಗೆ, ಸಿಲಿಂಡರ್ ಸಿಕ್ಕಿಸಲು ಜೊತೆಗೆ ಕೊಡುವ ಪ್ಲಾಸ್ಟಿಕ್ ಹಿಡಿಕೆ ನಂಬಬೇಡಿ. ಕಿತ್ತುಬಂದ ಸಿಲಿಂಡರ್ ವಿಮಾನ ತಿರುಗಿಸಲು ಕಾಲಲ್ಲಿ ಒತ್ತುವ ರಡರ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಅದೇ ಅಪಾಯ. ಲೋಹದ ಕ್ಲಾಂಪ್ ಹಾಕಿಸಿ, ಬೆಲ್ಟ್ ಬಿಚ್ಚದೆ ಕೈಗೆಟುಕುವಂತಿರಲಿ.

ಇಷ್ಟಾದರೂ ಹಾರುವಾಗ ಹೊತ್ತುವ ಇಂಜಿನ್ ಬೆಂಕಿಗೆ ಯಾವ ಸಿಲಿಂಡರೂ ಉಪಯೋಗಕ್ಕಿಲ್ಲ. ಅದು ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಫೈರ್‌ವಾಲ್ ಆಚೆ ಉರಿಯುತ್ತಿರುತ್ತದೆ. ಬಹುಮಟ್ಟಿಗೆ ಸಡಿಲಾದ ಇಂಧನ ಪೈಪಿನ ನಟ್ಟು, ಬಿರುಕುಬಿಟ್ಟ ಎಕ್ಸಾಸ್ಟ್, ಅದರ ಮೇಲೆ ಸೋರಿದ ಆಯಿಲ್‌ನಿಂದ ಹೊತ್ತಿಕೊಳ್ಳುತ್ತದೆ. ಹೀಗಾದರೆ 172ರಲ್ಲಿ ಮಿಕ್ಸ್ಚರ್ (ಇಂಜಿನ್‌ಗೆ ಹೋಗುವ ಇಂಧನದ ಪ್ರಮಾಣ ಹೊಂದಿಸುವ ಗುಂಡಿ) ಪೂರ್ತಿ ಹೊರಕ್ಕೆ ಎಳೆಯಿರಿ, ಇಂಧನ ವಾಲ್ವ್ ಬಂದ್, ಕರೆಂಟಿನ ಮಾಸ್ಟರ್ ಸ್ವಿಚ್ ಆಫ್, ಕ್ಯಾಬಿನ್ ಹೀಟ್ ಬಂದ್, ಮೂಗು ತಗ್ಗಿಸಿ 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗ. ಆರದಿದ್ದರೆ ವೇಗ ಇನ್ನೂ ಏರಿಸಿ. ಗಾಳಿಯ ರಭಸಕ್ಕೆ ಜ್ವಾಲೆ ನಿಲ್ಲದ ವೇಗ ಸಿಕ್ಕರೂ ಸಿಕ್ಕೀತು. ಆರಿದ ಮೇಲೆ ಸುಮಾರು 65ರಿಂದ 68 ನಾಟ್‌ನಲ್ಲಿ ತೇಲಿಸಿ. ಇಂಜಿನ್ ಮತ್ತೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಸಾವಿರ ಅಡಿ ಎತ್ತರಕ್ಕೆ ಒಂದೂವರೆ ನಾಟಿಕಲ್ ಮೈಲಿ (ಸುಮಾರು 2.8 ಕಿ.ಮೀ.) ದೂರ ದಕ್ಕುತ್ತದೆ, ಗಾಳಿಯಿಲ್ಲದಿದ್ದರೆ.

ಈ ಕಡೆ ಇಳಿಯಲು ನೋಡುವುದಾದರೆ ನೀರು ನಿಂತ ಭದ್ರಾ ನಾಲೆಯ ಗದ್ದೆ ಬೇಡ, ಮೂಗುಚಕ್ರ ಹೂತು ವಿಮಾನ ಮಗುಚುತ್ತದೆ. ಮಳೆಯಾದ ಎರೆ ಹೊಲವೂ ಅಷ್ಟೇ. ಬೆಳೆದ ಮೆಕ್ಕೆಜೋಳವಾದರೆ ಪೈರಿನ ತುದಿಯ ಮಟ್ಟವನ್ನೇ ನೆಲವೆಂದು ಎಣಿಸಿ ನಿಧಾನಿಸಿ. ಚಿತ್ರದುರ್ಗದ ಬಂಡೆಗುಡ್ಡ, ಗಾಳಿಗಿರಣಿ ಸಾಲಿನಿಂದ ದೂರವಿರಿ. ನೆಲ ಮುಟ್ಟುವ ಮುನ್ನವೇ ಬಾಗಿಲ ಚಿಲಕ ತೆಗೆದುಬಿಡಿ, ಫ್ರೇಮ್ ಸೊಟ್ಟಗಾದರೆ ಬಾಗಿಲು ಕಚ್ಚಿಕೊಳ್ಳುತ್ತದೆ.

ಕಾರಿಗೆ ಕೆಂಪು ಸಿಲಿಂಡರ್ ತಗೊಂಡವರಿಗೊಂದು ಮಾತು: ‘ಟೆಸ್ಟ್ ನೋಡೋಣ’ ಅಂತ ಒತ್ತಬೇಡಿ. ವಾಲ್ವ್‌ನಲ್ಲಿ ಪುಡಿ ಸಿಕ್ಕಿ ಪ್ರೆಶರ್ ಮೆಲ್ಲಗೆ ಸೋರಿಹೋಗುತ್ತದೆ. ಆಮೇಲೆ ರೀಫಿಲ್ ಮಾಡಿಸಲೇಬೇಕು.