ಚಿಲಕಕ್ಕೆ ಬಿಂದುವೋ ಬಣ್ಣವೋ: ಪನೋರಮಾ ಆಟದಲ್ಲಿ ಹಾಟ್‌ಸ್ಪಾಟ್ ಇಡುವ ದಾರಿಗಳ ಹೋಲಿಕೆ

ಬಾಯಾರಿನಲ್ಲಿರುವ ಅಜ್ಜನ ಮನೆಯ ಚಾವಡಿಯ ನಡುವೆ ಟ್ರೈಪಾಡ್ ಇಟ್ಟು ತೆಗೆದ ಪನೋರಮಾ, ಅಂದರೆ ಸುತ್ತಲೂ ತಿರುಗಿ ನೋಡಬಹುದಾದ ಚಿತ್ರ, ಒಂದೇ. ಅದರ ಮೇಲೆ ಹಾಟ್‌ಸ್ಪಾಟ್, ಅಂದರೆ ಮುಟ್ಟಿದರೆ ಆಟ ಉತ್ತರ ಕೊಡುವ ಜಾಗ, ಇಟ್ಟದ್ದು ಐದು ಬಗೆಯಲ್ಲಿ. ಪ್ರತಿ ಸಲವೂ ಅವೇ ಒಂಬತ್ತು ವಸ್ತುಗಳು: ನಡುಮನೆಯ ಬಾಗಿಲು, ಅದರ ಚಿಲಕ, ದಳಿ (ಸರಳು) ಹಾಕಿದ ಕಿಟಕಿ, ಪತ್ತಾಯ (ಭತ್ತ ತುಂಬಿಡುವ ಮರದ ಪೆಟ್ಟಿಗೆ), ಅದರ ಮುಂದೆ ನಿಂತಿರುವ ಕಾಲುದೀಪ, ಮಾಡಿನಿಂದ ಇಳಿಬಿಟ್ಟ ತೂಗುದೀಪ, ಗೋಡೆಯ ಮುಟ್ಟಾಳೆ (ಅಡಕೆ ಹಾಳೆಯ ಟೊಪ್ಪಿ), ಅಟ್ಟದ ಏಣಿ, ದನದ ಹಟ್ಟಿಗೆ ಹೋಗುವ ಹಿಂಬಾಗಿಲು.

ಆಟದ ಕಥೆ ಸಣ್ಣದು. ರಜೆಯಲ್ಲಿ ಬಂದ ಮಗು ಪತ್ತಾಯದ ಬೀಗದ ಕೈ ಹುಡುಕುತ್ತ ಚಾವಡಿ, ಅಟ್ಟ, ಹಟ್ಟಿ ದಾಟಿ, ತೋಟದ ಮೇಲಿನ ಗುಡ್ಡದಲ್ಲಿರುವ ಸುರಂಗದವರೆಗೆ ಹೋಗುತ್ತದೆ. ಸುರಂಗ ಅಂದರೆ ರೈಲಿನದ್ದಲ್ಲ. ಕಾಸರಗೋಡಿನ ನಮ್ಮ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡಡ್ಡ ಕೊರೆದು ನೀರು ತರುತ್ತೇವಲ್ಲ, ಅದು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಆ ಮನೆ ಈಗ ಇರುವ ಹಾಗೆ ಮುಂದೆ ಇರುವುದಿಲ್ಲ ಎಂದು ಗೊತ್ತಾದ ಮೇಲೆಯೇ ಈ ಕೆಲಸಕ್ಕೆ ಇಳಿದದ್ದು. ಹಾಗಾಗಿ ಆಡುವವರ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಮನೆ ಉತ್ತರ ಕೊಡಬೇಕು ಎಂಬ ಹಟ ನನ್ನದು.

ಮೊದಲು ಲೆಕ್ಕ ಸ್ವಲ್ಪ. ಪನೋರಮಾ ಚಿತ್ರ 4096×2048 ಪಿಕ್ಸೆಲ್. ಅಗಲಕ್ಕೆ 360 ಡಿಗ್ರಿ, ಎತ್ತರಕ್ಕೆ 180 ಡಿಗ್ರಿ. ಅಂದರೆ ಒಂದು ಡಿಗ್ರಿಗೆ ಸುಮಾರು 11 ಪಿಕ್ಸೆಲ್. ಚಿತ್ರದ ಯಾವ ಪಿಕ್ಸೆಲನ್ನಾದರೂ ಎರಡು ಕೋನಗಳಲ್ಲಿ ಹೇಳಬಹುದು: ಎಡ-ಬಲಕ್ಕೆ ತಿರುಗುವುದು ಯಾ, ಮೇಲೆ-ಕೆಳಗೆ ನೋಡುವುದು ಪಿಚ್. ಎಲ್ಲ ವಿಧಾನಗಳೂ ಕೊನೆಗೆ ಈ ಎರಡು ಸಂಖ್ಯೆಗಳ ಸುತ್ತಲೇ ತಿರುಗುತ್ತವೆ.

ಶುರು ಮಾಡಿದ್ದು ಬ್ರೌಸರಿನಲ್ಲಿ ಪನೋರಮಾ ತೋರಿಸುವ ಪ್ಯಾನೆಲಮ್ ಎಂಬ ತಂತ್ರಾಂಶದಿಂದ. ಉಚಿತ, ಹಗುರ, ಜೇಸನ್ ಎಂಬ ಬಗೆಯ ಒಂದು ಪಠ್ಯ ಫೈಲಿನಲ್ಲಿ ದೃಶ್ಯಗಳನ್ನೂ ಹಾಟ್‌ಸ್ಪಾಟ್‌ಗಳನ್ನೂ ಬರೆದರೆ ಆಯಿತು. ಹಾಟ್‌ಸ್ಪಾಟ್‌ಡೀಬಗ್ ಎಂಬ ಆಯ್ಕೆಯನ್ನು ಆನ್ ಮಾಡಿಟ್ಟರೆ, ಚಿತ್ರದಲ್ಲಿ ಕ್ಲಿಕ್ ಮಾಡಿದ ಜಾಗದ ಪಿಚ್, ಯಾ ಎರಡೂ ಬ್ರೌಸರಿನ ಕನ್ಸೋಲಿನಲ್ಲಿ (ಕೋಡ್ ಬರೆಯುವವರು ಸಂದೇಶ ನೋಡುವ ಕಿಟಕಿಯಲ್ಲಿ) ಬೀಳುತ್ತವೆ. ಅದನ್ನು ಕಾಪಿ ಮಾಡಿ ಫೈಲಿಗೆ ಅಂಟಿಸುವುದು, ಪುಟ ರಿಫ್ರೆಶ್ ಮಾಡುವುದು, ಮತ್ತೆ ನೋಡುವುದು. ಒಂಬತ್ತು ಗುರುತಿಗೆ 40 ನಿಮಿಷ ಹಿಡಿಯಿತು.

ಅದೇ ಕೆಲಸ ಮಾರ್ಜಿಪಾನೋ ಟೂಲ್ ಎಂಬ ಇನ್ನೊಂದು ಸಾಧನದಲ್ಲಿ 15 ನಿಮಿಷದಲ್ಲಿ ಮುಗಿಯಿತು. ಬ್ರೌಸರಿನಲ್ಲಿಯೇ ಚಿತ್ರ ಹಾಕಿ, ಗುರುತನ್ನು ಎಳೆದು ಬೇಕಾದಲ್ಲಿ ಬಿಟ್ಟು, ಜಿಪ್ ಇಳಿಸಿಕೊಳ್ಳುವುದು. ಇಳಿದ ಡೇಟಾ ಫೈಲಿನಲ್ಲಿ ಕೋನಗಳು ಡಿಗ್ರಿಯಲ್ಲಿ ಇರುವುದಿಲ್ಲ, ರೇಡಿಯನ್‌ನಲ್ಲಿ ಇರುತ್ತವೆ; ಕೈಯಿಂದ ತಿದ್ದುವಾಗ 57.3ರಿಂದ ಗುಣಿಸಿ ಡಿಗ್ರಿ ಮಾಡಿ ನೋಡುವುದು ನನಗೆ ಬೇಗ ಅಭ್ಯಾಸವಾಯಿತು. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿಸುವ ಗುರುತುಗಳಿಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಎರಡರಲ್ಲಿಯೂ ತೊಂದರೆ ಒಂದೇ. ಹಾಟ್‌ಸ್ಪಾಟ್ ಎಂದರೆ ಅಲ್ಲಿ ಚಿತ್ರದ ಒಂದು ಬಿಂದುವಿನ ಮೇಲೆ ಕೂತ, ಒತ್ತುವ ಗುಂಡಿ. ವಸ್ತುವಿನ ಆಕಾರ ಅದಕ್ಕೆ ಗೊತ್ತಿಲ್ಲ. ನಮ್ಮ ಕಿಟಕಿ ಕಿರಿದಾಗಿ ಉದ್ದಕ್ಕೆ ಇದೆ. ಸುತ್ತು ಗುಂಡಿ ಇಟ್ಟರೆ ಮೇಲಿನ ದಳಿ, ಕೆಳಗಿನ ದಳಿ ಎರಡೂ ಹೊರಗೆ ಉಳಿಯುತ್ತವೆ. ಗುಂಡಿಯನ್ನು ದೊಡ್ಡದು ಮಾಡಿದರೆ ಪಕ್ಕದ ಮುಟ್ಟಾಳೆಯನ್ನು ನುಂಗುತ್ತದೆ. ಗುಂಡಿಯ ಗಾತ್ರ ಪರದೆಯ ಪಿಕ್ಸೆಲ್ ಲೆಕ್ಕದ್ದು, ಹಾಗಾಗಿ ಝೂಮ್ ಮಾಡಿದಾಗ ಕಿಟಕಿ ಬೆಳೆಯುತ್ತದೆ, ಗುಂಡಿ ಬೆಳೆಯುವುದಿಲ್ಲ. ಪ್ಯಾನೆಲಮ್‌ನಲ್ಲಿ ಸ್ಕೇಲ್ ಎಂಬ ಆಯ್ಕೆ ಕೊಟ್ಟು ಇದನ್ನು ಸರಿಮಾಡಬಹುದು. ಆಕಾರದ ಕೊರತೆ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಕೊರತೆಯನ್ನು ತೋರಿಸಿಕೊಟ್ಟದ್ದು ಅಜ್ಜಿ. ಲ್ಯಾಪ್‌ಟಾಪನ್ನು ಅವರ ಮುಂದೆ ಇಟ್ಟು, ಪತ್ತಾಯ ತೆರೆಯಿರಿ ಎಂದೆ. ನಾನು ಗುಂಡಿ ಇಟ್ಟದ್ದು ಪತ್ತಾಯದ ನಟ್ಟನಡುವಿನಲ್ಲಿ. ಅಜ್ಜಿ ಬಾಣದ ಗುರುತನ್ನು ಮೆಲ್ಲ ಸರಿಸಿಕೊಂಡು ಹೋಗಿ ಮುಚ್ಚಳದ ಎಡಬದಿಯ ಅಂಚಿನಲ್ಲಿ ಒತ್ತಿದರು. ಎಂತದೂ ಆಗಲಿಲ್ಲ. ನಡುವಿನಲ್ಲಿ ಒತ್ತಿ ಅಜ್ಜೀ ಎಂದದ್ದಕ್ಕೆ, "ನಡುವಿನಲ್ಲಿ ಹಿಡಿದರೆ ಮುಚ್ಚಳ ಏಳುತ್ತದಾ ಮಗಾ? ಕರೆಯಲ್ಲಿ ಹಿಡಿಯಬೇಕು" ಎಂದರು. ಕರೆ ಅಂದರೆ ಅಂಚು. ಅರುವತ್ತು ವರ್ಷ ಆ ಮುಚ್ಚಳ ಎತ್ತಿದ ಕೈ ಅದು. ಜನ ವಸ್ತುವಿನ ಮಧ್ಯಬಿಂದುವನ್ನು ಮುಟ್ಟುವುದಿಲ್ಲ, ಅದನ್ನು ಬಳಸುವ ಜಾಗವನ್ನು ಮುಟ್ಟುತ್ತಾರೆ. ಆ ದಿನದ ನಂತರ ಚಾವಡಿಯ ವಸ್ತುಗಳಿಗೆ ಬಿಂದು ಇಡುವುದನ್ನು ಬಿಟ್ಟೆ.

ಮುಂದಿನದ್ದು ಬಹುಭುಜ. ವಸ್ತುವಿನ ಅಂಚಿನ ಸುತ್ತ ಆರೋ ಹತ್ತೋ ಮೂಲೆಗಳನ್ನು ಗುರುತಿಸಿ, ಕ್ಲಿಕ್ ಅದರೊಳಗೆ ಬಿತ್ತೋ ಹೊರಗೋ ಎಂದು ಲೆಕ್ಕ ಹಾಕುವುದು. ಕೆಆರ್‌ಪ್ಯಾನೋ ಎಂಬ ಪನೋರಮಾ ತಂತ್ರಾಂಶದಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ, ಆದರೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ನಾನು ಬ್ರೌಸರಿನಲ್ಲಿ ತ್ರೀಡಿ ತೋರಿಸುವ ಥ್ರೀ.ಜೆಎಸ್ ಎಂಬ ಕೋಡ್ ಸಂಗ್ರಹ ಹಿಡಿದು ಸ್ವಂತವಾಗಿ ಬರೆದೆ. ಒಂಬತ್ತು ವಸ್ತುಗಳಿಗೆ ಎರಡು ಗಂಟೆ. ಕಿಟಕಿ, ಪತ್ತಾಯ, ಏಣಿ ಚೊಕ್ಕವಾಗಿ ಕೂತವು. ಹಿಂಬಾಗಿಲು ಮಾತ್ರ ಕಾಡಿತು.

ಆಟ ಮೊದಲು ಆಡಿ ನೋಡುವವಳು ಅಕ್ಕನ ಮಗಳು. ಕಿಟಕಿಯ ಕೆಳಗಿನ ಬರಿಗೋಡೆಯಲ್ಲಿ ಬೆರಳಿಟ್ಟವಳು ನೇರ ಹಟ್ಟಿಯಲ್ಲಿ ಹೋಗಿ ನಿಂತಳು. "ಮಾವಾ, ನಾನು ಒತ್ತಿದ್ದು ಗೋಡೆ. ಹಟ್ಟಿಗೆ ಯಾಕೆ ಬಂತು?" ಮತ್ತೆ ಒತ್ತಿದಳು, ಮತ್ತೆ ಹಟ್ಟಿ. ಆ ಎತ್ತರದಲ್ಲಿ ಎಲ್ಲಿ ಖಾಲಿ ಜಾಗ ಒತ್ತಿದರೂ ಹಟ್ಟಿ. ಕಾರಣ ಹೀಗೆ: ಪನೋರಮಾದ ಎಡ ಅಂಚು −180, ಬಲ ಅಂಚು +180, ಅವೆರಡು ಸೇರುವ ಹೊಲಿಗೆ ಸರಿಯಾಗಿ ಹಿಂಬಾಗಿಲಿನ ಮೇಲೆಯೇ ಬಿದ್ದಿತ್ತು. ಬಾಗಿಲಿನ ಒಂದು ಬದಿಯ ಮೂಲೆ 174, ಇನ್ನೊಂದು ಬದಿಯದ್ದು −171. ಕಣ್ಣಿಗೆ ನಡುವಿನ ಅಂತರ 15 ಡಿಗ್ರಿ. ನನ್ನ ಲೆಕ್ಕಕ್ಕೆ 345 ಡಿಗ್ರಿ, ಇಡೀ ಚಾವಡಿಯನ್ನು ಸುತ್ತಿ ಬಂದ ಒಂದು ಬಾಗಿಲು. ಬಾಗಿಲನ್ನು ಎರಡು ತುಂಡು ಮಾಡಿ ಬರೆಯಬಹುದು. ಅದಕ್ಕಿಂತ ಒಳ್ಳೆಯದು, ಚಿತ್ರವನ್ನು ಮೊದಲೇ ಪಕ್ಕಕ್ಕೆ ಸರಿಸಿ ಹೊಲಿಗೆ ಬರಿಗೋಡೆಯ ಮೇಲೆ ಬೀಳುವಂತೆ ನೋಡಿಕೊಳ್ಳುವುದು. ಈಗ ಯಾವ ಪನೋರಮಾ ತೆಗೆದರೂ ಇದು ನನ್ನ ಮೊದಲ ಕೆಲಸ.

ತೂಗುದೀಪ ಇನ್ನೊಂದು ಪಾಠ ಕಲಿಸಿತು. ಅದು ಇರುವುದು ತಲೆಯ ಮೇಲೆ, ಸುಮಾರು 70 ಡಿಗ್ರಿ ಎತ್ತರದಲ್ಲಿ. ಚಪ್ಪಟೆ ಚಿತ್ರದಲ್ಲಿ ಅಲ್ಲಿಯ ವಸ್ತುಗಳು ಸುಮಾರು ಮೂರು ಪಟ್ಟು ಅಗಲಕ್ಕೆ ಎಳೆದ ಹಾಗೆ ಕಾಣುತ್ತವೆ. ಎರಡು ಮೂಲೆಗಳ ನಡುವೆ ಚಿತ್ರದಲ್ಲಿ ನೇರ ಎಳೆದ ಗೆರೆ, ಆಟದೊಳಗೆ ತಲೆ ಎತ್ತಿ ನೋಡಿದರೆ ಬಿಲ್ಲಿನ ಹಾಗೆ ಬಾಗಿರುತ್ತದೆ. ಹೆಚ್ಚು ಮೂಲೆ ಕೊಟ್ಟು ಸರಿದೂಗಿಸಬೇಕು. ಹೊಲಿಗೆ, ಬಾಗು ಎರಡೂ ಬಿಂದುವಿಗೆ ತಟ್ಟುವುದೇ ಇಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅದೃಶ್ಯ ಪೆಟ್ಟಿಗೆಗಳ ವಿಧಾನದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಗೋಡೋ ಎಂಬ ಗೇಮ್ ಎಂಜಿನ್‌ನಲ್ಲಿ ಪನೋರಮಾದ ಗೋಳದೊಳಗೆ ಪ್ರತಿ ವಸ್ತುವಿಗೂ ಕಾಣದ ಪೆಟ್ಟಿಗೆ ನಿಲ್ಲಿಸಿ, ಕ್ಲಿಕ್ಕಿನ ದಿಕ್ಕಿಗೆ ಕಿರಣ ಬಿಟ್ಟು ಅದು ಯಾವ ಪೆಟ್ಟಿಗೆಗೆ ತಾಗಿತು ಎಂದು ನೋಡುವುದು. ಕೋಣೆಯನ್ನೇ ತ್ರೀಡಿಯಲ್ಲಿ ಕಟ್ಟಿ ಅದರಿಂದ ಪನೋರಮಾ ತೆಗೆಯುವವರಿಗೆ ಇದು ಬಹಳ ಒಳ್ಳೆಯದು, ಪೆಟ್ಟಿಗೆಗಳು ಅವರಲ್ಲಿ ಆಗಲೇ ಇರುತ್ತವೆ. ನನ್ನದು ಫೋಟೋ. ಒಂದೇ ಜಾಗದಿಂದ ನೋಡಿದ ಚಿತ್ರದಲ್ಲಿ ದೂರದ ಲೆಕ್ಕ ಇಲ್ಲ, ದಿಕ್ಕು ಮಾತ್ರ ಇದೆ. ಇಲ್ಲದ ದೂರವನ್ನು ಊಹಿಸಿ ಪೆಟ್ಟಿಗೆ ಕೂರಿಸುವುದು ವ್ಯರ್ಥ ಶ್ರಮ. ಒಂದು ಸಂಜೆ ಮಾಡಿ ನೋಡಿ ಬಿಟ್ಟೆ.

ಉಳಿದದ್ದು ಬಣ್ಣದ ನಕ್ಷೆ. ನನ್ನ ಮನಸ್ಸು ನಿಂತದ್ದು ಇಲ್ಲಿಯೇ. ಪನೋರಮಾದ ಅಳತೆಗೆ ಹೊಂದುವ ಇನ್ನೊಂದು ಚಿತ್ರ ಮಾಡುವುದು, ಅದರಲ್ಲಿ ಪ್ರತಿ ವಸ್ತುವಿಗೂ ಒಂದೊಂದು ಬಣ್ಣ ಬಳಿಯುವುದು. ಅದು ಆಡುವವರಿಗೆ ಕಾಣುವುದಿಲ್ಲ. ಕ್ಲಿಕ್ ಆದಾಗ ಪ್ರೋಗ್ರಾಂ ಆ ಜಾಗದ ಬಣ್ಣವನ್ನು ಓದುತ್ತದೆ: ಕಪ್ಪಾದರೆ ಏನೂ ಇಲ್ಲ, ಕೆಂಪಿನ ಬೆಲೆ (0ಯಿಂದ 255ರವರೆಗಿನ ಸಂಖ್ಯೆ) 40 ಆದರೆ ಪತ್ತಾಯ, 50 ಆದರೆ ಕಾಲುದೀಪ. ಇದು ಹೊಸ ಉಪಾಯವೂ ಅಲ್ಲ. 1990ರ ದಶಕದಲ್ಲಿ ಆಪಲ್ ತಂದ ಕ್ವಿಕ್‌ಟೈಮ್ ವಿಆರ್‌ನಲ್ಲಿ ಹಾಟ್‌ಸ್ಪಾಟ್ ಇದ್ದದ್ದೇ ಹೀಗೆ, ಪನೋರಮಾದ ಜೊತೆಗೆ ಒಂದು 8-ಬಿಟ್ ಚಿತ್ರವಾಗಿ. ಸೊನ್ನೆ ಎಂದರೆ ಖಾಲಿ, 1ರಿಂದ 255ರವರೆಗೆ ಒಂದೊಂದು ಹಾಟ್‌ಸ್ಪಾಟ್.

ಕಾಲುದೀಪ ಪತ್ತಾಯದ ಮುಂದೆ ನಿಂತಿದೆ ಎಂದೆನಲ್ಲ. ಬಿಂದುವಿನಲ್ಲಿ, ಬಹುಭುಜದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ನಾನೇ ಕ್ರಮ ಬರೆಯಬೇಕಿತ್ತು. ಬಣ್ಣದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಒಂದು ಪಿಕ್ಸೆಲ್ಲಿಗೆ ಒಬ್ಬನೇ ಒಡೆಯ. ದೀಪದ ಕಂಬ ಕಾಣುವಲ್ಲಿ ದೀಪ, ಕಂಬದ ಎರಡು ಬದಿಯಲ್ಲಿ ಪತ್ತಾಯ, ಕಣ್ಣಿಗೆ ಕಂಡ ಹಾಗೆಯೇ. ಹೊಲಿಗೆಯ ಮೇಲಿನ ಬಾಗಿಲಿಗೂ ಎರಡು ಅಂಚಿನಲ್ಲಿ ಒಂದೇ ಬಣ್ಣ ಬಳಿದರೆ ಮುಗಿಯಿತು. ಅಜ್ಜಿ ಮುಟ್ಟುವ ಕರೆಯೂ ಪತ್ತಾಯದೊಳಗೇ ಬಂತು.

ನಕ್ಷೆ ಚಿತ್ರದಷ್ಟು ದೊಡ್ಡದು ಬೇಡ. 2048×1024 ಸಾಕು, ಒಂದು ಡಿಗ್ರಿಗೆ 5.7 ಪಿಕ್ಸೆಲ್ ಸಿಗುತ್ತದೆ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬಳಿಯುವಾಗ ಬ್ರಷ್ ಬೇಡ, ಪೆನ್ಸಿಲ್ ಬೇಕು. ಬ್ರಷ್ಷಿನ ಅಂಚು ಮೆತ್ತಗೆ ಮಸುಕಾಗಿ ಬೇರೆ ಬೇರೆ ಬೆಲೆಗಳನ್ನು ಹುಟ್ಟಿಸುತ್ತದೆ. ತೂಗುದೀಪದಂಥ ಮೇಲಿನ ವಸ್ತುಗಳಿಗೆ ಪನೋರಮಾವನ್ನು ಆರು ಮುಖದ ಘನವಾಗಿ ಬದಲಿಸಿ, ಮೇಲಿನ ಮುಖದಲ್ಲಿ ಬಳಿದು ವಾಪಸು ಮಡಚಿದರೆ ಆಕಾರ ಕೆಡುವುದಿಲ್ಲ. ಮಡಚುವಾಗಲೂ ಬಣ್ಣ ಬೆರೆಸದ, ಹತ್ತಿರದ ಪಿಕ್ಸೆಲನ್ನೇ ಎತ್ತಿಕೊಳ್ಳುವ ಆಯ್ಕೆ ಕೊಡಬೇಕು.

ಮೊದಲ ಸಲ ನಾನು ಎಡವಿದ್ದು ಸೇವ್ ಮಾಡುವಲ್ಲಿ. ಫೈಲ್ ಹಗುರವಾಗಲಿ ಎಂದು ನಕ್ಷೆಯನ್ನು ಜೇಪೆಗ್ ಮಾಡಿದೆ. ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಆಟದಲ್ಲಿ ಮಾತ್ರ ಪತ್ತಾಯದ ಅಂಚನ್ನು ಮುಟ್ಟಿದರೆ ಮುಟ್ಟಾಳೆ ಕೈಗೆ ಬರುತ್ತಿತ್ತು. ಪತ್ತಾಯದ 40, ಸುತ್ತಲಿನ ಕಪ್ಪಿನ 0 ಎರಡೂ ಅಂಚಿನಲ್ಲಿ ಕಲಸಿ 20 ಆಗಿತ್ತು, 20 ಮುಟ್ಟಾಳೆಯ ಬೆಲೆ. ನಕ್ಷೆ ಯಾವತ್ತೂ ಬಣ್ಣ ಕೆಡಿಸದ ಪಿಎನ್‌ಜಿಯಲ್ಲೇ ಇರಬೇಕು, ಬಣ್ಣದ ಪ್ರೊಫೈಲ್ ಸೇರಿಸದೆ. ಬೆಲೆಗಳ ನಡುವೆ ಹತ್ತರ ಅಂತರ ಬಿಡುವುದೂ ಒಳ್ಳೆಯದು, ಎಲ್ಲೋ ಒಂದೆರಡು ಆಚೀಚೆ ಆದರೂ ಸರಿಯಾದ ವಸ್ತುವೇ ಸಿಗುತ್ತದೆ.

ಬಣ್ಣದ ನಕ್ಷೆ ಸೋತದ್ದು ಫೋನಿನಲ್ಲಿ. ಲೆಕ್ಕ ನೋಡಿ: 360 ಪಿಕ್ಸೆಲ್ (ಆಂಡ್ರಾಯ್ಡ್ ಡಿಪಿ ಎಂದು ಎಣಿಸುವ ಲೆಕ್ಕದ್ದು, ಪರದೆಯ ನಿಜ ಚುಕ್ಕಿಗಳಲ್ಲ) ಅಗಲದ ಪರದೆಯಲ್ಲಿ 60 ಡಿಗ್ರಿ ನೋಟ ತೋರಿಸಿದರೆ, ನಡುವಿನಲ್ಲಿ ಒಂದು ಡಿಗ್ರಿಗೆ ಸುಮಾರು ಐದೂವರೆ ಪಿಕ್ಸೆಲ್. ನಮ್ಮ ಚಿಲಕ ಕ್ಯಾಮರಾದಿಂದ 2 ಮೀಟರ್ ದೂರ, ಅಗಲ 10 ಸೆಂಟಿಮೀಟರ್, ಅಂದರೆ 3 ಡಿಗ್ರಿಗಿಂತ ಕಡಿಮೆ. ಪರದೆಯಲ್ಲಿ ಅದು 16 ಪಿಕ್ಸೆಲ್. ಆಂಡ್ರಾಯ್ಡ್ ವಿನ್ಯಾಸದ ಸಲಹೆ ಬೆರಳಿಗೆ 48 ಬೇಕು ಎನ್ನುತ್ತದೆ, ಹೆಚ್ಚು ಕಡಿಮೆ 9 ಡಿಗ್ರಿ. ಕಣ್ಣಿಗೆ ಸರಿಯಾದ ಆಕಾರ ಬೆರಳಿಗೆ ಸಾಲುವುದಿಲ್ಲ. ಹಾಗೆಂದು ಚಿಲಕದ ಬಣ್ಣವನ್ನೇ ಹಿಗ್ಗಿಸಿದರೆ ಅದು ಬಾಗಿಲನ್ನು ತಿನ್ನುತ್ತದೆ. ನಾನು ಮಾಡಿದ್ದು ಇಷ್ಟು: ಮುಟ್ಟಿದ ಜಾಗದಲ್ಲಿ ಬಣ್ಣ ಇದ್ದರೆ ಅದೇ ಉತ್ತರ. ಕಪ್ಪಾಗಿದ್ದರೆ ಮಾತ್ರ ಸುತ್ತ 24 ಪಿಕ್ಸೆಲ್ ದೂರದವರೆಗೆ ಹುಡುಕಿ ಹತ್ತಿರದ ಬಣ್ಣ ಹಿಡಿಯುವುದು. ಚಿಲಕ ಬಾಗಿಲಿನ ಮೇಲೆಯೇ ಇರುವುದರಿಂದ ಅದಕ್ಕೆ ಒಂದು ವಿನಾಯಿತಿ ಬರೆದೆ, ಸುತ್ತಿನೊಳಗೆ ಚಿಲಕ ಸಿಕ್ಕಿದರೆ ಬಾಗಿಲಿಗಿಂತ ಚಿಲಕಕ್ಕೆ ಮೊದಲ ಮಣೆ. ಅಕ್ಕನ ಮಗಳು ಈಗ ನಡೆಯುತ್ತಲೇ ಹೆಬ್ಬೆರಳಿನಲ್ಲಿ ಚಿಲಕ ತೆಗೆಯುತ್ತಾಳೆ.

ಜೂನ್‌ನಲ್ಲಿ ಚಾವಡಿಯ ಫೋಟೋವನ್ನು ಮತ್ತೆ ತೆಗೆಯಬೇಕಾಯಿತು. ಮೊದಲಿನದ್ದರಲ್ಲಿ ಬಾಗಿಲಿನಾಚೆ ಅಂಗಳ ತುಂಬ ಒಣಹಾಕಿದ ಅಡಕೆ, ಕಥೆಗೆ ಮಳೆಗಾಲದ ಚಾವಡಿಯೂ ಬೇಕಿತ್ತು. ಟ್ರೈಪಾಡ್ ಅದೇ ಜಾಗದಲ್ಲಿ ನಿಂತಿತು, ದಿಕ್ಕು ಮಾತ್ರ 7 ಡಿಗ್ರಿ ತಪ್ಪಿತು. ಬಿಂದುಗಳಾದರೆ ಎಲ್ಲ ಯಾ ಬೆಲೆಗಳಿಗೂ 7 ಕೂಡಿಸಿದರೆ ಸಾಕು. ನಕ್ಷೆಗೂ ಅಷ್ಟೇ ಸುಲಭ: ಇಡೀ ಚಿತ್ರವನ್ನು 40 ಪಿಕ್ಸೆಲ್ ಪಕ್ಕಕ್ಕೆ ಸರಿಸಿ, ಹೊರಗೆ ಹೋದದ್ದನ್ನು ಇನ್ನೊಂದು ಬದಿಯಿಂದ ಒಳಗೆ ತರುವುದು. ಗಿಂಪ್‌ನ ಆಫ್‌ಸೆಟ್‌ನಲ್ಲಿ ಒಂದೇ ಹೆಜ್ಜೆಯ ಕೆಲಸ.

ಸುರಂಗಕ್ಕೆ ಮಾತ್ರ ಬಣ್ಣ ಬಳಿಯಲಿಲ್ಲ. ಒಬ್ಬ ಆಳು ನಡೆಯುವಷ್ಟೇ ಅಗಲ, ಎರಡು ಬದಿಯಲ್ಲಿ ಒದ್ದೆ ಮುರಕಲ್ಲು, ಟಾರ್ಚಿನ ಬೆಳಕಿನಾಚೆ ಕತ್ತಲೆ. ಅಲ್ಲಿ ಮುಂದೆ ಹೋಗುವುದು, ಹಿಂದೆ ಬರುವುದು, ದೀಪ ಇಡುವ ಗೂಡು ಮುಟ್ಟುವುದು, ಇಷ್ಟೇ. ಮೂರಕ್ಕೂ 15 ಡಿಗ್ರಿಯ ದೊಡ್ಡ ಬಿಂದುಗಳನ್ನು ಇಟ್ಟೆ. ಬಾಣದ ಚಿಹ್ನೆ ತೋರಿಸಿದರೆ ಆ ಕತ್ತಲೆಯ ಗಾಂಭೀರ್ಯ ಹೋಗುತ್ತದೆ, ಆದ್ದರಿಂದ ಚಿಹ್ನೆ ಇಲ್ಲ. ಲ್ಯಾಪ್‌ಟಾಪಿನಲ್ಲಿ ಕರ್ಸರಿನ ಆಕಾರ ಬದಲಾಗುತ್ತದೆ. ಫೋನಿನಲ್ಲಿ ಕರ್ಸರ್ ಇಲ್ಲದ ಕಾರಣ, ಬೆರಳನ್ನು ಒಂದು ಕ್ಷಣ ಒತ್ತಿ ಹಿಡಿದರೆ ಗುರುತುಗಳು ಮಸುಕಾಗಿ ಮೂಡಿ ಮಾಯವಾಗುತ್ತವೆ. ಹುಡುಕಿ ಹುಡುಕಿ ಸೋತವರಿಗೆ ಇಷ್ಟಾದರೂ ಇರಲೇಬೇಕು.

ಈಗ ಆಟದಲ್ಲಿ 14 ದೃಶ್ಯಗಳಿವೆ. ಒಂಬತ್ತಕ್ಕೆ ಬಣ್ಣದ ನಕ್ಷೆ, ತೋಟದ ದಾರಿ ಮತ್ತು ಸುರಂಗ ಸೇರಿ ನಾಲ್ಕಕ್ಕೆ ಬರೀ ಬಿಂದು. ಬಹುಭುಜದ ಕೋಡನ್ನು ತೆಗೆದುಹಾಕಿದೆ. ಉಳಿದದ್ದು ಅಟ್ಟ. ಅಲ್ಲಿ ಹೆಡಿಗೆ (ಬುಟ್ಟಿ), ಅಡಕೆ ಹಾಳೆ, ಹಳೆಯ ದಂಬೆಯ (ಸೀಳಿದ ಅಡಕೆ ಮರದ) ತುಂಡು ಒಂದರ ಮೇಲೊಂದು ರಾಶಿ ಬಿದ್ದಿವೆ, ಯಾವುದರ ಅಂಚು ಎಲ್ಲಿ ಮುಗಿಯುತ್ತದೆ ಎಂದು ಫೋಟೋದಲ್ಲಿ ನನಗೆ ತಿಳಿಯುವುದಿಲ್ಲ. ಬರುವ ಆದಿತ್ಯವಾರ ಅಜ್ಜಿಯ ಪಕ್ಕದಲ್ಲಿ ಕೂತು, ಒಂದೊಂದರ ಹೆಸರು ಕೇಳುತ್ತ ಬಳಿಯಬೇಕು.